ಒಂದರಿಂದ ನಾಲ್ಕು

"ಟಿಕೆಟ್ ಮಾರೋ ಸೈಟಿನ ಪಾಸ್‌ವರ್ಡನ್ನ ಕೋಡ್ ಒಳಗೇ ಬರೆದಿಟ್ಟ ಪುಣ್ಯಾತ್ಮರು ನೀವೇನಾ?"

ಹೊಸ ಆಫೀಸಿನಲ್ಲಿ ಗಾರ್ಗಿ ಪೇಂಡ್ಸೆ ಆಡಿದ ಮೊದಲ ಮಾತು ಇದು. ಕೇಳಿಸಿಕೊಂಡ ಸಾರಂಗ ಧಾಯ್‌ಗುಡೆ ನಿಧಾನವಾಗಿ ತಲೆಯೆತ್ತಿದ.

"ಹೌದು. ಮರೆತುಹೋಗಬಾರದು ಅಂತ."

"ಒಳ್ಳೇದಾಯ್ತು. ಕಳ್ಳನಿಗೂ ಹುಡುಕೋ ಕಷ್ಟ ತಪ್ಪಿಸಿದ್ದೀರಿ."

"ಮುಂಬಯಿಯವರಾ?"

"ದಾದರ್. ಹೇಗೆ ಗೊತ್ತಾಯ್ತು?"

"ಪುಣೆಯವರಾದ್ರೆ ಚಹಾ ಕುಡ್ಕೊಂಡೇ ಬಂದಿದ್ದೀರಲ್ವಾ ಅಂತ ವಿಚಾರಿಸಿ, ಆಮೇಲೆ ಜಗಳಕ್ಕೆ ನಿಲ್ತಾರೆ."

ಗಾರ್ಗಿ ನಗು ನುಂಗಿಕೊಂಡು ತನ್ನ ಕುರ್ಚಿ ಹುಡುಕಿಕೊಂಡು ಹೋದಳು.

ಪುಣೆಯ ಎಲ್ಲ ರಂಗಮಂದಿರಗಳಿಗೂ ಟಿಕೆಟ್ ಮಾರುವ ಆ ಸೈಟಿನ ಯಜಮಾನರು ಸುಹಾಸಕಾಕಾ. ಹರೆಯದಲ್ಲಿ ನಾಟಕದ ಪರದೆ ಎಳೆದವರು. ಅವರೇ ಗಾರ್ಗಿಯನ್ನು ಕರೆಸಿದ್ದು, ಅದೂ ಒಂದೇ ಕೆಲಸಕ್ಕೆ, ಸೆಟ್ಟಿಂಗ್‌ಗಳನ್ನು ಒಪ್ಪ ಮಾಡಿಕೊಡಲು. ಒಂದೇ ಕೋಡು ಸಾರಂಗನ ಕಂಪ್ಯೂಟರಿನಲ್ಲೂ ಓಡಬೇಕು, ಪರೀಕ್ಷೆಗೆಂದು ಇಟ್ಟ ಯಂತ್ರದಲ್ಲೂ ಓಡಬೇಕು, ಜನ ನಿಜವಾಗಿ ದುಡ್ಡು ಕಟ್ಟುವ ಕಡೆಯೂ ಓಡಬೇಕು. ಪ್ರತಿ ಕಡೆಗೂ ವಿಳಾಸ ಬೇರೆ, ಕೀಲಿ ಬೇರೆ, ಹೊತ್ತು ಬೇರೆ. ಅವೆಲ್ಲ ಕೋಡಿನಿಂದ ಹೊರಗೆ, ಒಂದೇ ಕಡೆ ಇರಬೇಕು. ಪ್ರತಿಯೊಂದಕ್ಕೂ ಹೆಸರಿರಬೇಕು, ಪಕ್ಕದಲ್ಲಿ ಅದು ಏಕಿದೆ ಎಂಬ ಒಂದು ಸಾಲಿರಬೇಕು. ಇದು ಗಾರ್ಗಿಯ ಕಟ್ಟಳೆ. ಸಾರಂಗ ಎಲ್ಲವನ್ನೂ ಕೈಗೆ ಸಿಕ್ಕಲ್ಲಿ ತುರುಕಿದ್ದ, ಕಾರಣಗಳು ಅವನ ಹೊಟ್ಟೆಯೊಳಗಿದ್ದವು.

"ಇಲ್ಲಿ ಆರು ಅಂತ ಬರೆದಿದ್ದೀರಿ. ಏನಿದು?"

"ಒಬ್ಬರಿಗೆ ಆರೇ ಟಿಕೆಟ್. ಇಲ್ಲಾಂದ್ರೆ ಮುಂದಿನ ಸಾಲನ್ನ ಒಂದೇ ಮನೆಯವರು ಕೊಂಡ್ಕೋತಾರೆ."

"ಇಂಥವು ಇನ್ನೆಷ್ಟಿವೆ? ಒಟ್ಟಿಗೇ ಹೇಳಿಬಿಡಿ."

"ಸಿಕ್ಕಾಗ ಸಿಕ್ಕಾಗ ಬಂದು ಕೇಳಿ, ಹೇಳ್ತೀನಿ."

ಹೀಗಾಗಿ ಅವಳು ದಿನಕ್ಕೆ ನಾಲ್ಕಾರು ಸಲ ಅವನ ಮೇಜಿನ ಬಳಿ ಹೋಗುವುದಾಯಿತು. ಹೋದಾಗಲೆಲ್ಲ ಅವನು ಡ್ರಾಯರ್ ಎಳೆದು, ಕಾಗದದ ಮೇಲೆ ಕುರುಕಲು ಬಾಕರ್‌ವಡಿ ಸುರಿದು ಅವಳ ಕಡೆ ಸರಿಸುತ್ತಿದ್ದ. ಉತ್ತರ ಕೊಡುವಾಗ ಪರದೆಯನ್ನೇ ನೋಡುವನು. ಅವಳು ಪರದೆ ನೋಡುವಾಗ ಮಾತ್ರ ಅವಳನ್ನು ನೋಡುವನು. ಪರದೆಯ ಗಾಜಿನಲ್ಲಿ ಆ ನೋಟ ಅವಳಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಅವನಿಗೆ ಅದು ತಿಳಿಯದಿರಲೆಂದು ಅವಳು ಓದಿದ ಸಾಲನ್ನೇ ಮತ್ತೆ ಓದುತ್ತಿದ್ದಳು.

ಗಾರ್ಗಿಗೆ ಅವನು ಇಷ್ಟವಾಗಿದ್ದ. ಈ ವಿಷಯದಲ್ಲಿ ಅವಳಿಗೆ ಯಾವ ಗೊಂದಲವೂ ಇರಲಿಲ್ಲ. ಗೊಂದಲವೆಲ್ಲ ಮುಂಬಯಿಯ ಅಂಧೇರಿಯದು. ಅಲ್ಲಿನ ದೊಡ್ಡ ಕಂಪನಿಯೊಂದು ಅವಳನ್ನು ಕೆಲಸಕ್ಕೆ ಕರೆದಿತ್ತು, ಶುಕ್ರವಾರ ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ಇದು ಆಫೀಸಿಗೆಲ್ಲ ಗೊತ್ತಿತ್ತು. ಇಲ್ಲೇ ಇದ್ದುಬಿಡು ಎಂದು ಸುಹಾಸಕಾಕಾ ಕೂಡ ಕೇಳಿದ್ದರು. ಸಾರಂಗ ಬಾಯಿಬಿಟ್ಟು ಒಂದು ಮಾತು ಹೇಳಿದರೆ ಪುಣೆ, ಹೇಳದಿದ್ದರೆ ಅಂಧೇರಿ ಎಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿದ್ದಳು. ಎಲ್ಲವನ್ನೂ ಮುಖದ ಮೇಲೆ ಹೇಳಿಬಿಡುವ ಹೆಣ್ಣು ಅವಳು. ಆದರೆ ಈ ಒಂದನ್ನು ಅವನೇ ಹೇಳಲಿ ಎಂಬ ಹಟ.

ಗುರುವಾರ ಅವಳಿಗೆ ಎರಡು ಸಂಖ್ಯೆಗಳು ಸಿಕ್ಕವು. ಅಂದಿನ ನಾಟಕಕ್ಕೆ ಟಿಕೆಟ್ ಕೊಂಡವರಿಗೆ ಸೈಟೇ ಫೋನ್ ಮಾಡಿ ನೆನಪಿಸುವ ಏರ್ಪಾಡಿತ್ತು, ಅದರ ಕೋಡಿನ ನಡುವೆ ಹದಿಮೂರು, ಹದಿನಾರು ಎಂದಿತ್ತು.

"ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಫೋನ್ ಹೋಗಬಾರದು ಅಂತ ಮಾಡಿದ್ದೀರಿ. ಯಾಕೆ?"

"ಅದು ಇರಲಿ."

"ಅದೇ, ಯಾಕೆ?"

"ಪುಣೆ ಅಂದ್ಮೇಲೆ ಅದು ಇರಬೇಕು." ಅವನು ನಗುತ್ತಿದ್ದ. "ನಾಳೆ ಬಂದು ಇನ್ನೊಂದು ಸಲ ಕೇಳಿ."

ನನ್ನನ್ನು ಆಟ ಆಡಿಸುತ್ತಿದ್ದಾನೆ ಎಂದುಕೊಂಡಳು ಗಾರ್ಗಿ. ಕಾರಣವಿಲ್ಲದ್ದಕ್ಕೆ ಜಾಗವಿಲ್ಲ. ಸಂಜೆ ಎರಡನ್ನೂ ಅಳಿಸಿಹಾಕಿದಳು.

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಸೈಟು ಊರಿಗೆಲ್ಲ ಫೋನ್ ಮಾಡಿತು. ಎರಡು ನಿಮಿಷ ಕಳೆಯುವುದರಲ್ಲಿ ಊರೇ ಆಫೀಸಿಗೆ ಫೋನ್ ಮಾಡಿತು.

"ಮಗಳೇ, ನಾಟಕ ಇರೋದು ಆರೂವರೆಗೆ," ಒಬ್ಬ ಅಜ್ಜಿ ಬಹಳ ಮರ್ಯಾದೆಯಿಂದ ಶುರುಮಾಡಿದರು. "ಈಗಲೇ ಎಬ್ಬಿಸಿದ್ದೀರಲ್ಲ, ಪರದೆ ನಾನೇ ಬಂದು ಎಳೀಬೇಕಾ?"

ಸದಾಶಿವ ಪೇಠೆಯಿಂದ ಇನ್ನೊಬ್ಬರು, "ನಮ್ಮ ಯಜಮಾನರಿಗೆ ಅರ್ಧಕ್ಕೇ ನಿದ್ದೆ ಬಿಟ್ಟೋಗಿದೆ. ಇವತ್ತಿನ ನಾಟಕ ಅವರಿಗೆ ಹಿಡಿಸಲ್ಲ ಅಂತ ಈಗಲೇ ಬರ್ಕೊಳ್ಳಿ," ಎಂದರು.

ಮಧ್ಯಾಹ್ನ ಇಡೀ ಪೇಠೆಯಲ್ಲಿ ಅಂಗಡಿ ಬಾಗಿಲು ಎಳೆದಿರುವುದನ್ನು ಗಾರ್ಗಿ ದಿನವೂ ನೋಡಿದ್ದಳು. ಆ ಬಾಗಿಲುಗಳ ಹಿಂದೆ ಊರು ಮಲಗಿರುತ್ತದೆ ಎಂಬುದು ದಾದರ್‌ನ ತಲೆಗೆ ಹೊಳೆದಿರಲಿಲ್ಲ.

ಒಳಕೋಣೆಯಿಂದ ಸುಹಾಸಕಾಕಾ ಕಣ್ಣುಜ್ಜಿಕೊಳ್ಳುತ್ತ ಬಂದರು. ಅವರಿಗೂ ಫೋನ್ ಹೋಗಿತ್ತು. "ಯಾರದಿದು ಕೆಲಸ?"

"ನಂದು," ಎಂದಳು ಗಾರ್ಗಿ.

"ಇಲ್ಲ ಕಾಕಾ, ನಂದು," ಎಂದ ಸಾರಂಗ.

"ಇಬ್ಬರೂ ಸೇರಿ ಸರಿಮಾಡಿ. ನಾಲ್ಕರವರೆಗೆ ನನ್ನ ಬಾಗಿಲು ಬಡೀಬೇಡಿ." ಅವರು ಮತ್ತೆ ಒಳಗೆ ಹೋದರು.

ಗಾರ್ಗಿ ಸಂಖ್ಯೆಗಳನ್ನು ಮರಳಿ ಸೇರಿಸಿದಳು. ಹೆಸರಿಟ್ಟಳು, ಪಕ್ಕದಲ್ಲಿ ಕಾರಣ ಬರೆದಳು. ಫೋನುಗಳು ತಣ್ಣಗಾದವು. ಆಮೇಲೆ ಎದ್ದು ನೇರ ಸಾರಂಗನ ಎದುರು ಹೋಗಿ ನಿಂತಳು.

"ನನ್ನ ತಪ್ಪನ್ನ ನೀವ್ಯಾಕೆ ತಲೆ ಮೇಲೆ ಹಾಕ್ಕೊಂಡ್ರಿ?"

"ನೀವು ಕೇಳಿದ್ರಿ, ನಾನು ಹೇಳಲಿಲ್ಲ."

"ಅದನ್ನೇ ಕೇಳ್ತಿರೋದು. ಯಾಕೆ ಹೇಳಲಿಲ್ಲ?"

ಅವನು ಪರದೆ ನೋಡಿದ, ಡ್ರಾಯರ್ ನೋಡಿದ, ಎರಡೂ ನೆರವಿಗೆ ಬರಲಿಲ್ಲ. "ಎಲ್ಲಾ ಒಟ್ಟಿಗೆ ಹೇಳಿದ್ರೆ ನೀವು ಇಲ್ಲಿಗೆ ಮತ್ತೆ ಬರ್ತಿರಲಿಲ್ಲ. ಅದೇ ಕೊನೇದು ಉಳಿದಿತ್ತು."

ಗಾರ್ಗಿಯ ಸಿಟ್ಟು ಎಲ್ಲಿ ಹೋಯಿತೋ. ಎದೆ ತುಂಬಿ ಬಂತು, ನಗುವೂ ಬಂತು.

"ಸಾರಂಗ, ಒಂದು ಸಲ ಹುಡುಕಿಸಿದ್ರೆ ಕೋಡಿನಲ್ಲಿರೋ ಅಷ್ಟೂ ಸಂಖ್ಯೆ ಪರದೆ ಮೇಲೆ ಬಂದು ಕೂರುತ್ತೆ. ಒಂದೇ ಪಟ್ಟಿ ಮಾಡಿ ನಿಮಗೆ ಕಳಿಸಬಹುದಿತ್ತು. ಪ್ರತಿ ಒಂದಕ್ಕೂ ನಾನು ಎದ್ದು ಬಂದಿದ್ದು ಬಾಕರ್‌ವಡಿಗೆ ಅಂದ್ಕೊಂಡ್ರಾ?"

ಅವನ ಕಿವಿಗಳು ಕೆಂಪಾದವು.

"ಅಂಧೇರಿಯವರಿಗೆ ಏನು ಹೇಳ್ತೀರಿ?"

"ನೀವು ಏನು ಹೇಳ್ತೀರಿ ಅಂತ ಕಾಯ್ತಿದ್ದೀನಿ. ಹೇಳದೆ ಒಳಗಿಟ್ಕೊಂಡಿದ್ದನ್ನ ನಾನು ಅಳಿಸಿಹಾಕ್ತೀನಿ. ನೋಡಿದ್ರಲ್ಲ ಈಗ."

ಸಾರಂಗ ಎದ್ದು ನಿಂತ. ಅಕ್ಕಪಕ್ಕದವರ ಕೀಲಿಮಣೆಗಳ ಸದ್ದು ಒಂದೊಂದಾಗಿ ನಿಂತಿತು. ಅವನು ಈ ಬಾರಿ ಯಾವ ಗಾಜಿನಲ್ಲೂ ಅಲ್ಲ, ಅವಳ ಕಣ್ಣನ್ನೇ ನೋಡಿದ.

"ಹೋಗಬೇಡ ಗಾರ್ಗಿ. ಕಾಕಾನ ಕೆಲಸಕ್ಕೆ ಅಂತಲ್ಲ, ನನಗೋಸ್ಕರ ಇರು. ನಿನ್ನನ್ನ ಪ್ರೀತಿಸ್ತೀನಿ. ನೀನು ಒಪ್ಪಿದ್ರೆ ಮದುವೆ ಆಗೋಣ."

ಗಾರ್ಗಿ ಅವನಿಂದ ಕಣ್ಣು ತೆಗೆಯದೆಯೇ ಫೋನ್ ತೆಗೆದು ಅಂಧೇರಿಗೆ ಕರೆ ಮಾಡಿದಳು.

"ನಮಸ್ಕಾರ, ಗಾರ್ಗಿ ಪೇಂಡ್ಸೆ ಮಾತಾಡ್ತಿದ್ದೀನಿ. ಕ್ಷಮಿಸಿ, ನಾನು ಬರೋಕಾಗಲ್ಲ... ಕಾರಣಾನಾ? ಮದುವೆ ಮಾಡ್ಕೋತಿದ್ದೀನಿ, ಪುಣೆಯಲ್ಲೇ ಇರ್ತೀನಿ."

ಆ ಕಡೆಯವರು ಏನೋ ಕೇಳಿದರು. ಅವಳು ಫೋನಿಗೆ ಅಂಗೈ ಅಡ್ಡ ಹಿಡಿದಳು.

"ಯಾವಾಗ ಅಂತ ಕೇಳ್ತಿದ್ದಾರೆ ಕಣೋ. ಬೇಗ ಹೇಳು."