ಉಳ್ಳಾಗಡ್ಡಿ ಹೊಲದ ನಂಬರು

ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ನಾನು ಮನೆಯ ಬಸ್ಸು ಹತ್ತಬೇಕಿತ್ತು. ಮುದ್ದೇಬಿಹಾಳದ ಸ್ಟ್ಯಾಂಡಿನಲ್ಲಿ ಬಸವನ ಬಾಗೇವಾಡಿಯ ಬಸ್ಸು ಕಣ್ಣೆದುರೇ ನಿಂತಿತ್ತು, ಕಿಟಕಿಯ ಸೀಟೂ ಖಾಲಿ ಇತ್ತು. ನಾನು ಹತ್ತಿದ್ದು ತಾಳಿಕೋಟೆಯ ಬಸ್ಸು.

ಸಿಟ್ಟಿನಿಂದ ಹತ್ತಿದೆ ಅಂತ ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ ಸಿಟ್ಟು ಮಾಡುವಷ್ಟು ತ್ರಾಣವೂ ಉಳಿದಿರಲಿಲ್ಲ. ಬೆಳಗಿನಿಂದ ಎಂಟನೇ ಕ್ಲಾಸಿಗೆ ಕರೆಂಟಿನ ಪಾಠ ಮಾಡಿ ಗಂಟಲು ಒಣಗಿತ್ತು. ಮರುದಿನ ಇಂಡಿಯಿಂದ ನನ್ನನ್ನು ನೋಡಲು ಬರುವವರಿದ್ದರು. ಹುಡುಗ ಬ್ಯಾಂಕಿನಲ್ಲಿದ್ದಾನಂತೆ, ನಿಂಬೆ ತೋಟವೂ ಇದೆಯಂತೆ. "ಈ ಸಲ ಹೂಂ ಅಂದಬಿಡವಾ ಸುನಂದಾ" ಎಂದು ಅಪ್ಪ ದಣಿದ ದನಿಯಲ್ಲಿ ಹೇಳಿದ್ದರು. ಅನ್ನಬಹುದಿತ್ತು. ಅದಕ್ಕೂ ಮೊದಲು ಒಬ್ಬನ ಬಾಯಿಂದ "ನೀ ನನಗ ಬ್ಯಾಡ" ಎಂಬ ಮಾತನ್ನು ಎದುರಿಗೆ ನಿಂತು ಕೇಳಿಸಿಕೊಳ್ಳಬೇಕಿತ್ತು, ಅಷ್ಟೇ.

ಆ ಒಬ್ಬ ಗುರುನಾಥ. ತಾಳಿಕೋಟೆಯಲ್ಲಿ ರಿಪೇರಿ ಅಂಗಡಿ ಇಟ್ಟವನು. ರಿಪೇರಿ ಎನ್ನುವುದು ಬೋರ್ಡಿನ ಮೇಲಿನ ಮಾತು. ಕೆಟ್ಟ ಮಿಕ್ಸರ್ ಕೊಟ್ಟರೆ ಅದರ ಮೋಟಾರಿನಿಂದ ಮಜ್ಜಿಗೆ ಕಡೆಯುವ ಯಂತ್ರ ಮಾಡಿಕೊಡುತ್ತಾನೆ. ಕುಕ್ಕರಿನ ಸೀಟಿ ಎಣಿಸಿ ಗಂಟೆ ಬಾರಿಸುವ ಡಬ್ಬಿ ಮಾಡಿದ್ದಾನೆ. ನಮ್ಮ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಇಂಜೆಕ್ಷನ್ ಸಿರಿಂಜುಗಳಿಂದ ಪುಟ್ಟ ಜೆಸಿಬಿ ಮಾಡಿಕೊಟ್ಟವನೂ ಅವನೇ. ಆ ಜೆಸಿಬಿ ತಟ್ಟೆಯಿಂದ ಒಂದು ಪೇಡೆ ಎತ್ತಿ, ನಡುಗುತ್ತಾ ಬಂದು, ನನ್ನ ಅಂಗೈಯಲ್ಲಿ ಇಟ್ಟಿತು. ಸಿರಿಂಜು ಒತ್ತುತ್ತಿದ್ದವನು ಪೇಡೆಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದ. ಶುರುವಾದದ್ದು ಅಲ್ಲಿಂದ.

ಕೆಟ್ಟದ್ದು ನಮ್ಮ ಮನೆಯಲ್ಲಿ. ಅಪ್ಪನ ಹತ್ತಿರ ಮದುವೆಯ ಮಾತಾಡಲೆಂದು ಯುಗಾದಿಗೆ ಕರೆದಿದ್ದೆ. ಬಂದ, ಕೂತ, ಗೋಡೆಯ ಗಡಿಯಾರ ನಿಂತಿದ್ದು ಅವನ ಕಣ್ಣಿಗೆ ಬಿತ್ತು. ಮುಗಿಯಿತು! ಕೆಳಗಿಳಿಸಿ, ಬಿಚ್ಚಿ, ಬೇವು-ಬೆಲ್ಲದ ತಟ್ಟೆಯ ಪಕ್ಕ ಚಕ್ರಗಳನ್ನೆಲ್ಲ ಹರಡಿಕೊಂಡ. ಅಪ್ಪ ಕಾದು ಕಾದು ಪೇಟೆಗೆ ಎದ್ದು ಹೋದರು. ಗಡಿಯಾರ ನಡೆಯಿತು, ಮದುವೆಯ ಮಾತು ನಡೆಯಲಿಲ್ಲ. "ನಿನಗ ಯಂತ್ರ ಸಾಕು, ಮನಷ್ಯಾರು ಬ್ಯಾಡ. ಇನ್ನ ನನಗ ಫೋನ್ ಮಾಡಬ್ಯಾಡ" ಎಂದು ಬೈದು ಕಳಿಸಿದೆ.

ಬೈದರೆ ಯಾರಾದರೂ ಮರುದಿನ ಫೋನ್ ಮಾಡುತ್ತಾರೆ ತಾನೇ? ಈ ಪುಣ್ಯಾತ್ಮ ಮಾಡಲಿಲ್ಲ. ಕೊನೆಗೆ ನಾನೇ ಮಾಡಿದೆ. ಸಂಜೆ ಬಸ್ಸಿಗೆ ಕಾಯುವಾಗೆಲ್ಲ ಮಾಡಿದೆ. ರಿಂಗ್ ಆಗುತ್ತಿತ್ತು, ಎತ್ತುತ್ತಿರಲಿಲ್ಲ. ತಿರುಗಿಯೂ ಮಾಡುತ್ತಿರಲಿಲ್ಲ. ಮೆಸೇಜು ಹಾಕಿ ಬೇಡಿಕೊಳ್ಳುವಷ್ಟು ಮಾನ ಬಿಟ್ಟವಳಲ್ಲ ನಾನು. ಆದರೆ ಅತ್ತಿದ್ದೇನೆ. ಬಸ್ಸಿನ ಕಿಟಕಿಗೆ ಮುಖ ಮಾಡಿ, ಕಣ್ಣಿಗೆ ಧೂಳು ಬಿತ್ತೆಂದು ಸುಳ್ಳು ಹೇಳಿ.

ತಾಳಿಕೋಟೆಯಲ್ಲಿ ಇಳಿದು ಹೋದಾಗ ಗುರುನಾಥ ಅಂಗಡಿಯಲ್ಲಿ ಒಬ್ಬನೇ ಇದ್ದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿದ್ದವು. ಮುಂದೆ ಒಂದು ಟೈಮರ್ ಬಿಚ್ಚಿ ಇಟ್ಟುಕೊಂಡಿದ್ದ.

"ಅರಾಮ ಅದೀರೇನ್ರಿ, ಮೆಕ್ಯಾನಿಕ್ ಸಾಹೇಬ್ರ?"

ತಲೆ ಎತ್ತಿದ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಟೇಬಲ್ಲಿನ ಕೆಳಗೆ ಉರುಳಿತು. ಅದನ್ನು ಹುಡುಕಲಿಲ್ಲ, ನನ್ನ ಮುಖವನ್ನೇ ನೋಡಿದ. ನೋಡಬಾರದೆಂದುಕೊಂಡರೂ ನಾನೂ ನೋಡಿದೆ.

"ಸುನಂದಾ... ಕುಂದ್ರು."

"ಕುಂದ್ರಾಕ ಬಂದಿಲ್ರಿ. ಫೋನ್ ಯಾಕ ಎತ್ತೂದಿಲ್ಲ ಅಂತ ಕೇಳಾಕ ಬಂದೇನಿ."

"ಹಂಗ ರಿ ಹಚ್ಚಿ ಮಾತಾಡಬ್ಯಾಡ. ಯಾವ ಫೋನ್? ನೀ ಎಲ್ಲಿ ಮಾಡೀ?"

"ಛೀ! ಸುಳ್ಳಾದ್ರೂ ಛಂದ ಹೇಳಬೇಕು. ನಾಳೆ ಇಂಡಿ ಮಂದಿ ನನ್ನ ನೋಡಾಕ ಬರ್ತಾರ. ನಾ ನಿನಗ ಬ್ಯಾಡಂದ್ರ ಬ್ಯಾಡ ಅಂದಬಿಡು. ಅವ್ರಿಗೆ ಹೂಂ ಅಂತೇನಿ. ಸಾಕಾಗೇತಿ ನನಗ."

ಅವನ ಮುಖ ಬಿಳಿಚಿತು. "ದೇವರಾಣಿ ಸುನಂದಾ, ನನಗ ಒಂದೂ ಫೋನ್ ಬಂದಿಲ್ಲ."

ನನ್ನ ಫೋನನ್ನು ಅವನ ಮೂಗಿಗೆ ಹಿಡಿದೆ. ಕಾಲ್ ಲಿಸ್ಟಿನ ಉದ್ದಕ್ಕೂ ಅದೇ ನಂಬರು. ಗುರುನಾಥ ಅದನ್ನು ನೋಡಿದ, ಟೈಮರನ್ನು ನೋಡಿದ, ಹಣೆಗೆ ಕೈ ಹಚ್ಚಿ ಸ್ಟೂಲಿನ ಮೇಲೆ ಕುಸಿದ.

"ಯಪ್ಪಾ! ಈ ನಂಬರ್ ಹೊಲದಾಗ ಐತಿ."

"ಏನು?"

"ಮಲ್ಲಣ್ಣ ಕಾಕಾನ ಉಳ್ಳಾಗಡ್ಡಿ ಹೊಲದಾಗ. ನನ್ನ ಹಳೇ ಫೋನ್ ಬೋರಿನ ಸ್ಟಾರ್ಟರಿಗೆ ಜೋಡಿಸೇನಿ. ರಿಂಗ್ ಆದ್ರ ಮೋಟಾರ್ ಚಾಲೂ, ಮತ್ತೊಮ್ಮೆ ರಿಂಗ್ ಆದ್ರ ಬಂದ್. ಮನ್ಯಾಗ ಕುಂತು ನೀರ ಬಿಡಬಹುದು."

ನಾನು ವಿಜ್ಞಾನದ ಮಾಸ್ತರಿಣಿ. ಆದರೂ ತಲೆಗೆ ಇಳಿಯಲು ಹೊತ್ತು ಬೇಕಾಯಿತು. "ಅಂದ್ರ ನಾ ಫೋನ್ ಮಾಡಿದಾಗೆಲ್ಲಾ..."

"ಮೋಟಾರ್ ಚಾಲೂ ಆಗತಿತ್ತು. ಸಂಜೀಕ ಕಾಕಾ ಮನಿಗೆ ಹೋದಮ್ಯಾಲ ನೀರ ಹರದು ಹರದು ಹೊಲ ಕೆರಿ ಆಗತಿತ್ತು. ಗಡ್ಡಿ ಕೊಳೀತಾವಂತ ಕಾಕಾ ಬೈತಿದ್ದ. ಸಿಮ್ ಕಂಪನಿಯವ್ರು ಫೋನ್ ಮಾಡತಾರ ಕಾಕಾ, ಅಂತ ಹೇಳಿ ಹೇಳಿ ಸಾಕಾತು. ಎಷ್ಟ ಸಲ ಆ ಡಬ್ಬಿ ಬಿಚ್ಚಿ ಕೂಡಿಸೇನಿ! ಅದಕ್ಕ ಇವತ್ತ ಈ ಟೈಮರ್ ಹಾಕಿ, ಆ ಸಿಮ್ ತಗದು ಇಟ್ಕೋಬೇಕಂತ ಮಾಡಿದ್ನಿ."

"ಯಾರ ಫೋನ್ ಅಂತ ನೋಡಬೇಕಿಲ್ಲೇನು?"

"ಸ್ಕ್ರೀನ್ ಸುಟ್ಟೈತಿ. ರಿಂಗಿಗಷ್ಟ ಅದು."

ನನಗೆ ನಂಬಿಕೆ ಬರಲಿಲ್ಲ. ಅಲ್ಲೇ ನಿಂತು ಆ ನಂಬರಿಗೆ ಫೋನ್ ಹಚ್ಚಿದೆ. ರಿಂಗ್ ಆಯಿತು. ಕಟ್ ಮಾಡಿದೆ. ಸ್ವಲ್ಪ ಹೊತ್ತಿಗೆ ಅವನ ಹೊಸ ಫೋನು ಬಡಿದುಕೊಂಡಿತು. ಸ್ಪೀಕರ್ ಹಾಕುವ ಅಗತ್ಯವೇ ಇರಲಿಲ್ಲ.

"ಲೇ ಗುರ್ಯಾ! ಮತ್ತ ಚಾಲೂ ಆತಲ್ಲೋ! ಕಸಾ ತಗಿಯಾಕತ್ತೇನಿ, ಕಾಲಬುಡಕ ನೀರ ಬಂತು. ನಿನ್ನ ಡಬ್ಬಿ ಹಳ್ಳಕ್ಕ ಒಗೀತೇನಿ ನೋಡ!"

ನಾನು ಮತ್ತೊಮ್ಮೆ ಒತ್ತಿದೆ. "ಆಂ, ನಿಂತಿತು ಈಗ" ಎಂದು ಕಾಕಾ ಗೊಣಗಿ ಫೋನ್ ಇಟ್ಟ.

ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು, ತಡೆಯಲಾಗಲಿಲ್ಲ. ಅವನು ಕುರ್ಚಿಯ ಮೇಲಿನ ವೈರುಗಳನ್ನೆಲ್ಲ ನೆಲಕ್ಕೆ ತಳ್ಳಿ ನನ್ನನ್ನು ಕೂರಿಸಿದ. ಒಂದೇ ಲೋಟದ ಚಹಾವನ್ನು ನನ್ನ ಕೈಗೆ ಕೊಟ್ಟ.

"ಬ್ಯಾರೇ ಸಿಮ್ ಹಾಕಬೇಕಿತ್ತಲ್ಲ, ಇದನ್ನ ಯಾಕ ಹಾಕಿದಿ?"

ಅವನು ಸ್ವಚ್ಛವಾಗಿಯೇ ಇದ್ದ ಟೇಬಲ್ಲನ್ನು ಒರೆಸತೊಡಗಿದ. "ನೀ ಫೋನ್ ಮಾಡಬ್ಯಾಡ ಅಂದಿ. ಅದು ಕಿಸೆದಾಗ ಇದ್ರ ಕೈ ಅದರ ಮ್ಯಾಲೇ ಹೋಗತಿತ್ತು. ಅದಕ್ಕ ಹೊಸಾ ನಂಬರ್ ತಗೊಂಡ್ನಿ. ಹಳೇದನ್ನ ಬಿಟ್ರ ಕಂಪನಿಯವ್ರು ಯಾರಿಗರೇ ಕೊಡ್ತಾರ. ನೀ ಎಂದರೇ ಒಂದ ದಿನ ಮಾಡಿದ್ರ, ಮತ್ಯಾರೋ ಎತ್ತಿ ಹಲೋ ಅನಬಾರದು ಅಂತ ರಿಚಾರ್ಜ್ ಹಾಕ್ಕೋತ ಇಟ್ಟೇನಿ."

"ಹುಚ್ಚಪ್ಪಾ! ಹೊಲದಾಗಿಟ್ರ ನಾ ಮಾಡಿದ್ದು ನಿನಗ ಗೊತ್ತಾಗೂದು ಹ್ಯಾಂಗ?"

ಅವನು ಒರೆಸುವುದನ್ನು ನಿಲ್ಲಿಸಿದ. ಸೀಟಿ ಎಣಿಸುವ ಡಬ್ಬಿ ಮಾಡಿದ ತಲೆ ಅದು! "ಅದನ್ನ ವಿಚಾರ ಮಾಡ್ಲಿಲ್ಲ" ಎಂದ, ಬಹಳ ಸಣ್ಣ ದನಿಯಲ್ಲಿ. ಆಮೇಲೆ ಕೇಳಿದ, "ಎತ್ತಿದ್ರ ಏನ್ ಹೇಳಾಕಿ ಇದ್ದಿ?"

"ಏನಿಲ್ಲ. ಊಟ ಆತೇನ ಅಂತ ಕೇಳಾಕಿ ಇದ್ದೆ."

"ಆಗಿಲ್ಲ" ಎಂದ. "ಅವತ್ತಿಂದ ಸರಿಯಾಗಿ ಆಗೇ ಇಲ್ಲ. ನೀ ನನಗ ಬೇಕು ಸುನಂದಾ."

ಬೈಕಿನಲ್ಲಿ ಮೊದಲು ಹೊಲಕ್ಕೆ ಹೋದೆವು. ಮಲ್ಲಣ್ಣ ಕಾಕಾ ಧೋತರ ಎತ್ತಿ ಕಟ್ಟಿಕೊಂಡು ಕೆಸರಿನಲ್ಲಿ ನಿಂತಿದ್ದ. ಗುರುನಾಥ ಡಬ್ಬಿ ತೆರೆದು ಸಿಮ್ಮನ್ನು ತೆಗೆದು, ಅಂಗಿಗೆ ಒರೆಸಿ, ತನ್ನ ಫೋನಿಗೆ ಹಾಕಿಕೊಂಡ. ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಈಕೀನ ಏನೋ ನಿನ್ನ ಕಂಪನಿ?"

ಗುರುನಾಥನ ಕಿವಿ ಕೆಂಪಾದವು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

"ಛಲೋ ಆತು. ಇನ್ಮ್ಯಾಲ ನೀರ ಬೇಕಾದ್ರ ಈಕಿಗೇ ಹೇಳ್ತೇನಿ ತಗೋ" ಎಂದ ಕಾಕಾ, ಒಂದು ಸಿವುಡು ಉಳ್ಳಾಗಡ್ಡಿ ಕಿತ್ತು ನನ್ನ ಕೈಗಿಟ್ಟ.

ಬಾಗೇವಾಡಿಯ ದಾರಿಯುದ್ದಕ್ಕೂ ಅವನ ಬೆನ್ನಿಗೆ ತಲೆ ಇಟ್ಟು ಕಣ್ಣು ಮುಚ್ಚಿದ್ದೆ. ಎಷ್ಟೋ ತಿಂಗಳ ದಣಿವು ಒಮ್ಮೆಲೇ ಮೈಮೇಲೆ ಬಂದಿತ್ತು.

ಅಪ್ಪ ಪಡಸಾಲೆಯಲ್ಲೇ ಇದ್ದರು. ಗುರುನಾಥನನ್ನು ನೋಡಿ ಕೂಡಲು ಕಣ್ಣಲ್ಲೇ ಹೇಳಿದರು. ಗಡಿಯಾರ ಮತ್ತೆ ನಿಂತಿತ್ತು, ಅವನ ಎದುರಿಗೇ. ಅವನ ಬೆರಳು ಮೊಣಕಾಲಿನ ಮೇಲೆ ಚಡಪಡಿಸುವುದು ನನಗೆ ಕಾಣುತ್ತಿತ್ತು. ಅಪ್ಪನಿಗೂ ಕಂಡಿತು.

"ಅದು ಮತ್ತ ನಿಂತೈತಿ ನೋಡಪಾ."

ಗುರುನಾಥ ಎದ್ದ. ಮತ್ತೆ ಚಕ್ರಗಳು ಹರಡಿದವು ಅಂದುಕೊಂಡೆ. ಅವನು ಗಡಿಯಾರಕ್ಕೆ ಬೆನ್ನು ಮಾಡಿ ಅಪ್ಪನ ಮುಂದೆ ಚಾಪೆಯ ಮೇಲೆ ಕೂತ. "ನಿಂದ್ರಲಿ ಬಿಡ್ರಿ. ನಾ ಸುನಂದಾನ ಕೇಳಾಕ ಬಂದೇನ್ರಿ."

ಅಪ್ಪ ಅವನನ್ನು ನೋಡಿದರು, ಆಮೇಲೆ ಬಾಗಿಲಲ್ಲಿ ಉಳ್ಳಾಗಡ್ಡಿ ಹಿಡಿದು ನಿಂತಿದ್ದ ನನ್ನನ್ನು ನೋಡಿದರು.

"ಇಂಡಿಯವ್ರಿಗೆ ಫೋನ್ ಹಚ್ಚವಾ. ಬರೂದು ಬ್ಯಾಡಂತ ನಾನ ಹೇಳ್ತೇನಿ."

ಹಚ್ಚಿ ಅಪ್ಪನ ಕೈಗೆ ಕೊಟ್ಟೆ. ಇಂಡಿಯವರು ಮೊದಲ ರಿಂಗಿಗೇ ಎತ್ತಿದರು.