ಒಂಟಿಬಿಲ್ಲೆಯ ಹಳೆಯ ಸುರಂಗ

ಪಂಪು ನಿಲ್ಲುವುದರೊಳಗೆ ಮುತ್ತಜ್ಜನನ್ನು ಹುಡುಕಬೇಕಿತ್ತು. ಗಣಿ ಮುಚ್ಚುತ್ತಿದ್ದರು. ಸಂಜೆ ಪಂಪು ಆರಿಸಿದರೆ ಹಳೆಯ ಸುರಂಗಕ್ಕೆ ನೀರು ತುಂಬುತ್ತದೆ, ಆಮೇಲೆ ಎಷ್ಟು ತಲೆ ಚಚ್ಚಿಕೊಂಡರೂ ಅಲ್ಲಿಗೆ ಹೋಗಲಾಗದು. ಇದು ಪಂಪಿನವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆಳಗಿನಿಂದ ಕೆಮ್ಮುತ್ತಿದ್ದ ಆ ಹಳೆಯ ಎಂಜಿನ್ನನ್ನು ನಡೆಸುವವಳೇ ಅವಳು.

ಒಳಗೆ ಇಳಿಯುವವರು ಸುರಂಗದ ಬಾಯಲ್ಲಿರುವ ಹಲಗೆಗೆ ತಮ್ಮ ತಗಡಿನ ಬಿಲ್ಲೆ ನೇತುಹಾಕಬೇಕು, ಹೊರಬಂದ ಮೇಲೆ ತೆಗೆದುಕೊಳ್ಳಬೇಕು. ಮೊದಲ ಸುರಂಗ ತೋಡಿದಂದಿನಿಂದ ಒಂದು ಬಿಲ್ಲೆ ಮಾತ್ರ ಅಲ್ಲೇ ತುಕ್ಕು ಹಿಡಿಯುತ್ತಿತ್ತು. ಹಟ್ಟಿಗೆ ಒಂಟಿಬಿಲ್ಲೆ ಎಂದು ಹೆಸರು ಬಂದದ್ದೇ ಅದರಿಂದ. ಬಿಲ್ಲೆಯವನು ತಾಮ್ರ ಕದ್ದು ಬೇರೆ ಕಿಂಡಿಯಿಂದ ಓಡಿಹೋದ ಎಂಬುದು ಜನರ ಮಾತು. ಅವನ ಮಗಳು, ಅಂದರೆ ಪಂಪಿನವಳ ಅಜ್ಜಿ, ಅಪ್ಪನ ತಾಯಿ, ಈ ಮಾತು ಕೇಳಿ ಕೇಳಿಯೇ ಹಣ್ಣಾಗಿದ್ದಳು.

"ಅಪ್ಪ ವಾಪಸ್ ಬರ್ದೇ ಇದ್ದ ದಿನ ಒಳಗಿಂದ ಕುಟ್ಟೋ ಸದ್ದು ಬರ್ತಿತ್ತಂತೆ. ಅಮ್ಮ ಕೇಳಿದ್ದಕ್ಕೆ ನೀರಿನ ಸದ್ದು ಅಂದ್ರಂತೆ," ಎಂದಳು ಅಜ್ಜಿ, ಹಲಗೆಯ ಕೆಳಗೆ ಕೂತು. "ನೋಡ್ಕೊಂಡು ಬಾ ಮಗಳೇ. ನಿಜ ಏನೇ ಇದ್ರೂ ನಂಗೆ ಗೊತ್ತಾಗ್ಲಿ."

ಜೊತೆಗೆ ಇಬ್ಬರು ಹೊರಟರು. ಒಬ್ಬ ಸೋದರಮಾವ, ಸುರಂಗಕ್ಕೆ ಕಲ್ಲಿನ ಆಸರೆ ಕಟ್ಟುವುದು ಅವನ ಮನೆತನದ ಕಸುಬು. ಇನ್ನೊಬ್ಬ ಕಡ್ಡಿ, ಎಂಥ ಸಂದಿಯಲ್ಲೂ ತೂರಬಲ್ಲ ಸಣಕಲ. ಮೂವರೂ ಬಿಲ್ಲೆ ಹಾಕಿ ಒಳನಡೆದರು.

ಹಳೆಯ ಸುರಂಗ ಬಾಗಿ ಬಳಸಿ ಇಳಿಯುತ್ತಿತ್ತು. ಕೊಳೆತ ಮರದ ಕಂಬಗಳ ಮೇಲೆ ಬಿಳಿ ಬೂಷ್ಟು, ಗೋಡೆಯಲ್ಲಿ ಹಸಿರು ನೀರಿನ ಕಲೆ, ಕಾಲಡಿ ಜಾರುವ ಕೆಸರು. ಅಲ್ಲಲ್ಲಿ ಹೊಟ್ಟೆಯ ಮೇಲೆ ತೆವಳಬೇಕಿತ್ತು. "ಊಟ ಬಿಟ್ಟು ಬದುಕಿದ್ದಕ್ಕೆ ಇವತ್ತು ಬೆಲೆ ಬಂತು," ಎಂದ ಕಡ್ಡಿ.

ಕೊನೆಗೆ ಕಲ್ಲಿನ ರಾಶಿ ಅಡ್ಡ ಬಂತು. "ಮುಗೀತು. ಕುಸಿದಿದೆ," ಎಂದ ಕಡ್ಡಿ.

ಮಾವ ಬೆಳಕು ಹಿಡಿದು ಕಲ್ಲುಗಳನ್ನು ಸವರಿದ. ದಪ್ಪ ಕಲ್ಲುಗಳ ನಡುವೆ ತೆಳುವಾದ ಚಕ್ಕೆ ನಿಲ್ಲಿಸಿ ಗುದ್ದಿದ್ದರು. ಅವನ ಕೈ ಹಾಗೇ ನಿಂತಿತು.

"ಕುಸಿದಿದ್ದಲ್ಲ, ಕಟ್ಟಿದ್ದು. ಹೀಗೆ ಚಕ್ಕೆ ನಿಲ್ಲಿಸೋದು ನಮ್ಮನೇಲಿ ಮಾತ್ರ. ನಂಗೆ ಕಲಿಸಿದ್ದು ನಮ್ಮ ತಾತ."

ಮೂವರೂ ಕಲ್ಲು ಕಿತ್ತರು. ಆಚೆ ಎಲ್ಲ ಮಸಿ. ಉಳಿದ ಗೋಡೆಗೆ ಒರಗಿ ಮುತ್ತಜ್ಜ ಕೂತಿದ್ದ: ಮೂಳೆ, ಬೂಟು, ಪಕ್ಕದಲ್ಲಿ ಸುತ್ತಿಗೆ. ಗೋಡೆಯ ಒಳಮೈ ತುಂಬ ಸುತ್ತಿಗೆಯ ಏಟು.

"ಬೆಂಕಿ ಬಿದ್ದಿದೆ. ಹೊಗೆ ತಡೆಯೋಕೆ ಮುಚ್ಚಿದಾರೆ," ಎಂದ ಮಾವ. "ಆಮೇಲೆ ಓಡಿಹೋದ ಅಂದಿದಾರೆ."

ಪಂಪಿನವಳಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಮೂಳೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಾಗ ದೂರದ ಎಂಜಿನ್ನಿನ ಗುಡುಗುಡು ನಿಂತುಹೋಯಿತು.

"ಎಂಜಿನ್ ಕೆಟ್ಟಿದೆ! ಓಡಿ!" ಪಂಪಿನವಳು ಚೀರಿದಳು.

ನೀರು ಪಾದ ಮುಟ್ಟಿತು. ಮೊಣಕಾಲಿಗೆ ಏರಿತು. ಕಂಬವೊಂದು ಲಟಕ್ಕನೆ ಮುರಿದು ಮಣ್ಣು ಸುರಿಯಿತು. ಚೀಲ ಹೊತ್ತಿದ್ದ ಮಾವ ಜಾರಿ ಮುಳುಗಿದ.

"ಮೂಟೆ ಬಿಡಣ್ಣ!" ಕಡ್ಡಿ ಕೂಗಿದ.

"ಒಂದ್ಸಲ ಬಿಟ್ಟು ಬಂದಿದ್ದು ಸಾಕು!" ಎಂದ ಮಾವ, ತಲೆ ಮೇಲೆತ್ತಿ.

ಪಂಪಿನವಳು ತಿರುಗಿ ಬಂದು ಚೀಲದ ಇನ್ನೊಂದು ತುದಿ ಹಿಡಿದಳು. ಕಡ್ಡಿ ಮುಂದಿನ ಸಂದಿಯಲ್ಲಿ ತೂರಿ ಹಗ್ಗ ಎಸೆದ. ಎಳೆದು, ತೆವಳಿ, ನೀರು ಕುಡಿದು, ಅಂತೂ ಬೆಳಕು ಕಂಡರು.

ಅಜ್ಜಿ ಕೂತಲ್ಲೇ ಇದ್ದಳು. ಚೀಲವನ್ನೇ ನೋಡಿದಳು. "ಅಪ್ಪ ಓಡಿಹೋಗ್ಲಿಲ್ಲ ತಾನೇ?"

"ಇಲ್ಲ ಅತ್ತೆ," ಎಂದ ಮಾವ. "ಒಳಗಿಟ್ಟು ಗೋಡೆ ಕಟ್ಟಿದ್ದು ನಮ್ಮ ತಾತ."

ಅಜ್ಜಿ ತುಂಬ ಹೊತ್ತು ಅತ್ತಳು. ಆಮೇಲೆ ಎದ್ದು, ತುಕ್ಕು ಹಿಡಿದ ಬಿಲ್ಲೆಯನ್ನು ತೆಗೆದು ಸೆರಗಿನಲ್ಲಿ ಒರೆಸಿ ಚೀಲದೊಳಗೆ ಇಟ್ಟಳು. ಪಂಪಿನವಳೂ ಕಡ್ಡಿಯೂ ತಮ್ಮ ಬಿಲ್ಲೆ ತೆಗೆದುಕೊಂಡರು. ಮಾವ ಮಾತ್ರ ತನ್ನದನ್ನು ಮುಟ್ಟದೆ ತಲೆ ತಗ್ಗಿಸಿ ಹೊರಟಿದ್ದ.

"ನಿಲ್ಲೋ," ಎಂದಳು ಅಜ್ಜಿ. ಹಲಗೆಯ ಮೇಲೆ ಒಂಟಿಯಾಗಿ ಉಳಿದಿದ್ದ ಬಿಲ್ಲೆಯನ್ನು ತಂದು ಅವನ ಅಂಗೈಗೆ ಒತ್ತಿದಳು. "ನೀನೂ ಹೊರಗೆ ಬಂದಿದೀಯ. ತಗೋ."