ಬಿಸಿಲೂರಿಗೆ ಒಂದೇ ಸೀಟು

ಟಿಕೆಟ್ ಕ್ಯಾನ್ಸಲ್ ಆಗಿದೆ ಎಂದು ಬಸ್ಸಿನವರ ಮೆಸೇಜು ಬಂದಾಗ ಅವಳು ಕನ್ನಡಕದ ಅಂಗಡಿಯಲ್ಲಿ ಒಬ್ಬ ಅಜ್ಜಿಯ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ಎರಡು ಸೀಟಿನಲ್ಲಿ ಒಂದು ಮಾತ್ರ ಕ್ಯಾನ್ಸಲ್, ಅದೂ ಜೊತೆಗೆ ಬರಬೇಕಿದ್ದ ಅವನದು. "ಅಕ್ಷರ ಕಾಣ್ತಾ ಇಲ್ಲಮ್ಮ" ಎಂದರು ಅಜ್ಜಿ. ಅವಳಿಗೂ ಕಾಣುತ್ತಿರಲಿಲ್ಲ, ಕಣ್ಣು ತುಂಬಿಬಂದಿತ್ತು.

ಎಂಥಾ ಕನಸಿನ ಪ್ರವಾಸ ಅದು! ಬೆಟ್ಟದ ಬುಡದಲ್ಲಿ ವರ್ಷವಿಡೀ ಬಿಸಿಲು ಬೀಳುವ ಊರು. ಬೆಳಗ್ಗೆ ಸೈಕಲ್ಲನ್ನು ಜೀಪಿಗೆ ಹೇರಿ ಮೇಲಕ್ಕೆ ಹೋಗುವುದು, ಕಲ್ಲು ದಾರಿಯಲ್ಲಿ ಝುಮ್ಮೆಂದು ಇಳಿಯುವುದು, ಸಂಜೆ ಟೆರೇಸಿನಲ್ಲಿ ಕಾಲು ಚಾಚಿ ಕೂರುವುದು. ವಾರಗಟ್ಟಲೆ ಇಬ್ಬರೂ ಒಂದೇ ಫೋನಿಗೆ ತಲೆ ಬಗ್ಗಿಸಿ ಮ್ಯಾಪ್ ನೋಡಿದ್ದರು. ಅವಳು ಮ್ಯಾಪಿಗಿಂತ ಅವನ ರೆಪ್ಪೆ ನೋಡಿದ್ದೇ ಹೆಚ್ಚು, ಅದು ಬೇರೆ ಮಾತು. ಆದರೆ ಈಚೆಗೆ ಅವನ ವರಸೆಯೇ ಬದಲಾಗಿತ್ತು. ಮ್ಯಾಪ್ ತೆಗೆದರೆ ಸಾಕು, ಟೀ ಮಾಡುತ್ತೇನೆಂದು ಎದ್ದುಬಿಡುತ್ತಿದ್ದ. "ಇನ್ಯಾರೋ ಇದಾಳೆ ಕಣೇ" ಎಂದು ಅಕ್ಕ ಬೇರೆ ತಲೆಯೊಳಗೆ ಹುಳ ಬಿಟ್ಟಿದ್ದಳು.

ಸಂಜೆ ನೇರ ಅವನ ಮನೆಗೇ ಹೋದಳು. ಅವನು ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ನಡುಮನೆಯ ನೆಲದ ಮೇಲೆ ಕೂತು ಅವಳ ಸೈಕಲ್ಲನ್ನು ಬಿಚ್ಚಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಅವನದು ಗೋಡೆಗೆ ಒರಗಿತ್ತು.

"ಏನು ಮೇಷ್ಟ್ರೇ, ನನ್ನೊಬ್ಬಳನ್ನೇ ಸಾಗಹಾಕ್ತಾ ಇದೀರಾ?" ಸಿಟ್ಟು ಬಂದಾಗ ಮಾತ್ರ ಅವಳು ಅವನಿಗೆ ಬಹುವಚನ ಕೊಡುತ್ತಿದ್ದಳು.

"ಸ್ಪೋರ್ಟ್ಸ್ ಡೇ ಬಂತು. ರಜಾ ಕೊಡಲ್ವಂತೆ." ತಲೆ ಎತ್ತಲಿಲ್ಲ.

"ಅದು ಹೋದ ತಿಂಗಳೇ ಮುಗೀತು. ನಾನೇ ಬಂದು ಚಪ್ಪಾಳೆ ಹೊಡೆದಿದ್ದೆ."

ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಕಿವಿ ಕೆಂಪಾಯಿತು. ಬೇರೆ ದಿನವಾಗಿದ್ದರೆ ಆ ಕಿವಿ ಹಿಂಡಿ ನಗುತ್ತಿದ್ದಳು. ಇವತ್ತು ಸೀದಾ ಅವನ ಸೈಕಲ್ಲಿನತ್ತ ನಡೆದಳು. "ನೀವು ಬರದಿದ್ರೆ ಬಿಡಿ, ನಿಮ್ಮ ಸೈಕಲ್ ಬರತ್ತೆ" ಎಂದು ಹಠಕ್ಕೆ ಬಿದ್ದು ಅದರ ಮುಂದಿನ ಚಕ್ರ ಬಿಚ್ಚಿದಳು. ಅವನು "ಬೇಡ, ಬೇಡ" ಎಂದು ಏಳುವಷ್ಟರಲ್ಲಿ ಬ್ರೇಕ್ ಪ್ಯಾಡ್ ಅವಳ ಕಣ್ಣಿಗೆ ಬಿತ್ತು.

ಸವೆದು ತಗಡು ಕಾಣುತ್ತಿತ್ತು. ಎರಡೂ ಸೈಕಲ್ಲಿಗೆ ಒಂದೇ ದಿನ ಹೊಸ ಪ್ಯಾಡ್ ಹಾಕಿದವಳು ಅವಳೇ, ಅವಳದು ಇನ್ನೂ ದಪ್ಪಗಿತ್ತು. ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇರಬೇಡ, ಹಿಡಿದು ಹಿಡಿದು ಬಿಡು ಎಂದು ಕಲಿಸಿದವನು ಅವನು. ಅಂಥವನು ಪ್ರತಿ ಭಾನುವಾರ ಪ್ರಾಕ್ಟೀಸ್ ಎಂದು ಒಬ್ಬನೇ ಹೋಗಿ, ಗುಡ್ಡದ ತುದಿಯಿಂದ ಬುಡದವರೆಗೂ ಬ್ರೇಕ್ ಅಮುಕಿಕೊಂಡೇ ಇಳಿದಿದ್ದಾನೆ.

ಹೋದ ವರ್ಷ ಒಂದು ತಿರುವಿನಲ್ಲಿ ಅವಳ ಕಣ್ಣೆದುರೇ ಸೈಕಲ್ಲಿನಿಂದ ಬಿದ್ದು ಅವನು ಹೆಗಲ ಮೂಳೆ ಮುರಿದುಕೊಂಡಿದ್ದ. ಆಸ್ಪತ್ರೆಯಲ್ಲಿ ನರ್ಸುಗಳನ್ನೆಲ್ಲ ನಗಿಸಿದ್ದ. ಅವಳು ಆ ನಗುವನ್ನು ಪೂರ್ತಿ ನಂಬಿಬಿಟ್ಟಿದ್ದಳು.

"ಅವತ್ತಿಂದಾನಾ ಈ ಭಯ?" ಎಂದಳು ಮೆಲ್ಲಗೆ.

"ಬೆರಳು ಮಾತು ಕೇಳಲ್ಲ ಕಣೇ. ಸರಿಹೋಗತ್ತೇನೋ ಅಂತ ಪ್ರತಿ ವಾರ ಹೋದೆ. ಇಳಿಯೋಕೆ ಮುಂಚೆ ವಾಂತಿ ಬರತ್ತೆ. ನಿಂಗೆ ಹೆಂಗೆ ಹೇಳ್ಲಿ? ನೀನು ಮೆಚ್ಚಿದ್ದೇ ನನ್ನ ಧೈರ್ಯ ನೋಡಿ."

"ಅಯ್ಯೋ ದಡ್ಡ! ಒಂದು ಕನ್ನಡಕದ ಫ್ರೇಮ್ ಆರಿಸೋಕೆ ಧೈರ್ಯ ಸಾಲದೆ ನನ್ನ ಅಂಗಡೀಲಿ ಅರ್ಧ ದಿನ ನಿಂತಿದ್ದೆಯಲ್ಲ, ಅವತ್ತೇ ಮೆಚ್ಚಿದ್ದು."

ಅವನು ನಗಲು ಹೋದ, ಆಗಲಿಲ್ಲ. ಅವಳು ಪಕ್ಕದಲ್ಲಿ ಕುಸಿದು ಕೂತು ಗ್ರೀಸ್ ಮೆತ್ತಿದ ಆ ಬೆರಳುಗಳನ್ನು ಹಿಡಿದುಕೊಂಡಳು. ಇಡೀ ದಿನ ಇವನನ್ನು ಮನಸಾರೆ ಶಪಿಸಿದ್ದು ನೆನಪಾಗಿ ನಾಚಿಕೆಯಾಯಿತು.

"ನೀನು ಹೋಗು. ನಿನ್ನ ಆಸೆಗೆ ನಾನು ಅಡ್ಡ ಬರಲ್ಲ" ಎಂದ.

"ಊರಿಗಾದ್ರೂ ಬಾ. ಕೆಳಗೆ ಬಿಸಿಲು ಕಾಯಿಸ್ಕೊಂಡು ಕೂತಿರು, ನಾನು ಇಳಿದು ಬರ್ತೀನಿ."

ಅವನು ಬಿಚ್ಚಿದ ಚಕ್ರವನ್ನು ಎಳೆದು ಮಡಿಲಲ್ಲಿಟ್ಟುಕೊಂಡ.

"ಆಗಲ್ಲ. ನೀನು ಕಣ್ಣಿಗೆ ಕಾಣೋವರೆಗೂ ಕೆಳಗೆ ನಿಂತು ಕಾಯೋದಾ? ಅದಕ್ಕಿಂತ ಬೀಳೋದೇ ವಾಸಿ. ನಿನ್ನ ಹಿಂದೇನೇ ಬರ್ತೀನಿ. ಸೈಕಲ್ ತಳ್ಕೊಂಡಾದ್ರೂ ಬರ್ತೀನಿ."

ಅವಳು ಅವನ ಹೆಗಲಿಗೆ ಹಣೆಯಿಟ್ಟು ಬಿಕ್ಕಿದಳು.

"ತಳ್ಕೊಂಡೇ ಬಾ" ಎಂದಳು ಕೊನೆಗೆ. "ನಾನೂ ತಳ್ಕೊಂಡೇ ಬರ್ತೀನಿ."